ಸಾಹೇಬರ ವಿಮಾನಕ್ಕೆ ಅರ್ಧ ಪ್ರದಕ್ಷಿಣೆ

ಪುಣೆಯಲ್ಲಿ ಕಂಪ್ಯೂಟರ್ ತರಬೇತಿ ಮುಗಿಸಿಕೊಂಡು ನಾಸಿಕದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ವಿಶ್ವನಾಥಪ್ಪ, ಹೋಗುವಾಗಿನ ವಿಶ್ವನಾಥಪ್ಪ ಆಗಿರಲಿಲ್ಲ. ಹೋಗುವಾಗ ಅವರು ಬ್ಯಾಂಕಿನ ಹೆಡ್ ಕ್ಲರ್ಕು, ಬೀದರ ಜಿಲ್ಲೆಯ ಭಾಲ್ಕಿಯವರು, ಸಂಗಮ್ಮನ ಮಗ, ಕಸ್ತೂರಿಬಾಯಿಯ ಗಂಡ, ಅಷ್ಟೇ. ಬರುವಾಗ ಜೇಬಿನಲ್ಲಿ ಎರಡು ಪೆನ್ನು, ಬಾಯಲ್ಲಿ ‘ಸಿಸ್ಟಮ್’ ಎಂಬ ಮಾತು. ಇದು ತೊಂಬತ್ತೇಳರ ಸಂಗತಿ. ಆಗ ಸಿಸ್ಟಮ್ ಎಂದವನಿಗೆ ಜನ ಕುರ್ಚಿ ಬಿಟ್ಟುಕೊಡುತ್ತಿದ್ದರು.

ಸತ್ಯವನ್ನು ನಾವಾದರೂ ಹೇಳಬೇಕಲ್ಲ. ತರಬೇತಿಯ ಬಹುಪಾಲು ಹೊತ್ತು ವಿಶ್ವನಾಥಪ್ಪ ಹಲ್ಲುನೋವಿನಿಂದ ದವಡೆ ಹಿಡಿದುಕೊಂಡು ಕೊನೆಯ ಬೆಂಚಿನಲ್ಲಿ ನರಳುತ್ತಿದ್ದರು. ಕಿವಿಗೆ ಬಿದ್ದ ವಿದ್ಯೆ ಇಷ್ಟು: ಕಂಪ್ಯೂಟರನ್ನು ಚಾಲೂ ಮಾಡುವುದು, ಅದು ಮಾತು ಕೇಳದಿದ್ದರೆ ಬಂದ್ ಮಾಡಿ ಮತ್ತೆ ಚಾಲೂ ಮಾಡುವುದು. ನಗಬೇಡಿ. ಇಷ್ಟೇ ವಿದ್ಯೆಯ ಮೇಲೆ ಇವತ್ತಿಗೂ ಎಷ್ಟೋ ಸಂಸಾರಗಳು ನಡೆಯುತ್ತಿವೆ.

ಬಂದ ವಾರದಲ್ಲೇ ಪಕ್ಕದ ಮನೆಯ ರಾಧಾಬಾಯಿಯ ಮಿಕ್ಸರ್ ನಿಂತುಹೋಯಿತು. ವಿಶ್ವನಾಥಪ್ಪ ಹೋಗಿ, ಅದರ ಸುತ್ತ ಗಂಭೀರವಾಗಿ ಓಡಾಡಿ, “ಸಿಸ್ಟಮ್ ಪ್ರಾಬ್ಲೆಮ್ ಅದ” ಎಂದು ಹೇಳಿ, ಬಂದ್ ಮಾಡಿ ಚಾಲೂ ಮಾಡಿದರು. ಮಿಕ್ಸರ್ ಗರ್ ಎಂದಿತು. ಶೇಂಗಾ ಚಟ್ನಿಯ ಒಂದು ಬಟ್ಟಲೂ, ‘ಕಂಪ್ಯೂಟರ್‌ವಾಲೇ ಅಪ್ಪಾಜಿ’ ಎಂಬ ಬಿರುದೂ ಮನೆಗೆ ಬಂದವು.

“ಹಿಂದಿಂದ ಒಂದು ಗುದ್ದು ಕೊಟ್ಟಿದ್ರ ನಾನೂ ಚಾಲೂ ಮಾಡ್ತಿದ್ದೆ” ಎಂದಳು ಕಸ್ತೂರಿಬಾಯಿ. ಮನೆಯವರು ಕೀರ್ತಿಯನ್ನು ಕೊನೆಗೆ ಒಪ್ಪುವವರು ಎಂಬುದು ಲೋಕದ ನಿಯಮ, ಅದನ್ನು ವಿಶ್ವನಾಥಪ್ಪ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಸಂಗಮ್ಮ ಮಾತ್ರ ಮಗನನ್ನು ನೋಡಿ “ಹ್ಞೂಂ, ಕಲ್ತು ಬಂದಾನ” ಎಂದಷ್ಟೇ ಹೇಳಿ ವಿಭೂತಿ ಹಚ್ಚಿಕೊಂಡಳು.

ಈ ಸಂಗಮ್ಮನ ವಿಚಾರ ಸ್ವಲ್ಪ ಹೇಳಬೇಕು, ಏಕೆಂದರೆ ವಿಶ್ವನಾಥಪ್ಪನ ಎಲ್ಲ ಪೇಚಿನ ಮೂಲ ಅವಳ ಮೇಲಿನ ಪ್ರೀತಿ. ಗಂಡ ತೀರಿಕೊಂಡ ಮೇಲೆ ಆಕೆ ಭಾಲ್ಕಿಯಲ್ಲಿ ಊಟ ಬಿಟ್ಟಿದ್ದಳು. ಊಟ ಬಿಟ್ಟರೆ ಬಿಡಲಿ, ಜಗಳವನ್ನೂ ಬಿಟ್ಟಿದ್ದಳು. ಆಗ ಊರವರು ಹೆದರಿ ಮಗನಿಗೆ ಹೇಳಿಕಳಿಸಿದರು. ನಾಸಿಕಕ್ಕೆ ಕರೆತಂದು ಒಂದು ಸೋಮವಾರ ತ್ರ್ಯಂಬಕೇಶ್ವರಕ್ಕೆ ಕರೆದೊಯ್ದರೆ, ಬರುವಾಗ ಬಸ್ಸು ಹೇಳಿದ ಕಡೆ ನಿಲ್ಲಿಸಲಿಲ್ಲವೆಂದು ಆಕೆ ಕಂಡಕ್ಟರನ ಏಳು ತಲೆಮಾರನ್ನು ಕನ್ನಡದಲ್ಲಿ ಜಾಲಾಡಿದಳು. ಕಂಡಕ್ಟರನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ, ಆದರೂ ಕೈಮುಗಿದ. ಆ ಸಂಜೆ ವಿಶ್ವನಾಥಪ್ಪ ಮನೆಯ ಮೆಟ್ಟಿಲ ಮೇಲೆ ಕೂತು ಖುಷಿಗೆ ಅತ್ತರು. ಅಲ್ಲಿಂದ ಮುಂದೆ ಸೋಮವಾರ ತ್ರ್ಯಂಬಕ, ಉಳಿದ ವಾರವೆಲ್ಲ ಸೊಸೆ, ಹೀಗೆ ಸಂಗಮ್ಮನ ಜೀವ ಮತ್ತೆ ಹಳಿಗೆ ಬಂತು.

ಇಂಥ ಹೊತ್ತಿನಲ್ಲಿ ಬ್ಯಾಂಕಿನಲ್ಲಿ ಸುದ್ದಿ ಹುಟ್ಟಿತು. ಈ ಸಲದ ವರ್ಗಾವಣೆಯಲ್ಲಿ ವಿಶ್ವನಾಥಪ್ಪ ದೂರದ ಸಿಲ್ಲೋಡಿಗೆ. ಸಿಲ್ಲೋಡ್ ಊರಿನ ಮೇಲೆ ಯಾರ ದೂರೂ ಇಲ್ಲ. ಹತ್ತಿ ಬರುತ್ತದೆ, ಮೆಕ್ಕೆಜೋಳ ಬರುತ್ತದೆ, ಜನ ಒಳ್ಳೆಯವರು. ಆದರೆ ಅಲ್ಲಿಂದ ಪ್ರತಿ ಸೋಮವಾರ ತ್ರ್ಯಂಬಕಕ್ಕೆ ಹೋಗಿ ಬರಬೇಕಾದರೆ ಸಂಗಮ್ಮ ಬಸ್ಸಿನಲ್ಲೇ ಸಂಸಾರ ಹೂಡಬೇಕು. ಅವ್ವ ಮತ್ತೆ ಸುಮ್ಮನಾಗಿಬಿಟ್ಟರೆ ಏನು ಗತಿ ಎಂದು ವಿಶ್ವನಾಥಪ್ಪ ಹೆದರಿದರು. ಸುದ್ದಿಯನ್ನು ಅವಳಿಂದ ಮುಚ್ಚಿಟ್ಟರು. ಹೆಂಡತಿಗೆ ಮಾತ್ರ ಹೇಳಿ ಆಣೆ ಹಾಕಿಸಿಕೊಂಡರು.

ವರ್ಗಾವಣೆಯ ದೇವರು ಎಂದರೆ ರತ್ನಾಕರ ಸಾಹೇಬರು, ರೀಜನಲ್ ಮ್ಯಾನೇಜರು, ಉಡುಪಿ ಕಡೆಯವರು. ಇರುವುದು ಈಗಿನ ಛತ್ರಪತಿ ಸಂಭಾಜಿನಗರದಲ್ಲಿ. ಆಗ ಕಾಗದಪತ್ರದಲ್ಲಿ ಔರಂಗಾಬಾದ್ ಎಂದಿತ್ತು, ನಾವು ಈಗಿನ ಹೆಸರನ್ನೇ ಇಟ್ಟುಕೊಳ್ಳೋಣ. ಕಂಪ್ಯೂಟರ್‌ವಾಲೇ ಅಪ್ಪಾಜಿಯ ಕೀರ್ತಿ ಮಿಕ್ಸರಿನಿಂದ ಹೊರಟು, ಬಾಯಿಂದ ಬಾಯಿಗೆ ದಪ್ಪವಾಗುತ್ತ ಅವರ ಕಿವಿಗೂ ಮುಟ್ಟಿತ್ತು. ಒಂದು ದಿನ ಸಾಹೇಬರ ಫೋನೇ ಬಂತು.

“ವಿಶ್ವನಾಥಪ್ಪನವ್ರೇ, ನಿಮಗೆ ಜಾಯ್‌ಸ್ಟಿಕ್ ಗೊತ್ತುಂಟಾ?”

ಜಾಯ್‌ಸ್ಟಿಕ್ ಎಂದರೆ ತಿನ್ನುವುದೋ ಉಡುವುದೋ ವಿಶ್ವನಾಥಪ್ಪನಿಗೆ ಗೊತ್ತಿರಲಿಲ್ಲ. ಆದರೆ ಬಾಯಿ ಮನಸ್ಸಿನ ಮಾತು ಕೇಳುವ ಅಂಗವಲ್ಲ. “ಗೊತ್ತದ ಸಾಹೇಬ್ರ. ಅದೇನು ದೊಡ್ಡದಲ್ಲ” ಎಂದುಬಿಟ್ಟಿತು.

“ಹಾಗಾದ್ರೆ ಈ ಭಾನುವಾರ ನಮ್ಮ ಮನೆಗೊಮ್ಮೆ ಬನ್ನಿ ಮಾರಾಯ್ರೇ. ಊಟ ಇಲ್ಲೇ.”

ಭಾನುವಾರ ನಸುಕಿಗೆ ವಿಶ್ವನಾಥಪ್ಪ ಹೊರಟರೆ ಸಂಗಮ್ಮ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

“ನಾನೂ ಬರ್ತೀನಿ.”

“ಅವ್ವಾ, ಆಫೀಸಿನ ಕೆಲಸ ಅದ.”

“ಅದಕ್ಕೇ ಬರ್ತೀನಿ. ನೀ ಒಬ್ಬನೇ ಹೋದ್ರ ಎಲ್ಲದಕ್ಕೂ ಹ್ಞೂಂ ಅಂದು ಬರ್ತಿ.”

ಹೀಗೆ ತಾಯಿ ಮಗ ಇಬ್ಬರೂ ಸಾಹೇಬರ ಮನೆಗೆ ಬಂದರು.

ಬಾಗಿಲು ತೆರೆದವರು ಸಾಹೇಬರ ಹೆಂಡತಿ ಮೃದುಲಾ. “ಅಮ್ಮನನ್ನೂ ಕರ್ಕೊಂಡು ಬಂದ್ರಲ್ಲ, ಒಳ್ಳೆದಾಯ್ತು” ಎಂದು ಸಂಗಮ್ಮನ ಕೈ ಹಿಡಿದು ಒಳಗೆ ಕರೆದೊಯ್ದರು. ಆಮೇಲೆ ದನಿ ತಗ್ಗಿಸಿ ವಿಶ್ವನಾಥಪ್ಪನಿಗೆ ಹೇಳಿದರು: “ಪ್ರಾಯದಲ್ಲಿ ಅವರಿಗೆ ಪೈಲಟ್ ಆಗ್ಬೇಕಂತ ತುಂಬ ಆಸೆ ಇತ್ತು. ಕಣ್ಣು ಸರಿ ಇಲ್ಲ ಅಂತ ವಾಪಸ್ ಕಳಿಸಿದ್ರು. ಈಗ ಅಳಿಯ ಬೊಂಬಾಯಿಂದ ಕಂಪ್ಯೂಟರು, ವಿಮಾನದ ಆಟ, ಅದಕ್ಕೆ ಒಂದು ಕೋಲು ತಂದುಕೊಟ್ಟಿದ್ದಾನೆ. ಆಟ ಶುರುವಾಗ್ತದೆ, ಕೋಲು ಮಾತ್ರ ಕೇಳುದಿಲ್ಲ. ರಿಟೈರ್ ಆಗುವ ಮೊದಲು ಒಂದು ಸಲ ಹಾರಿದ್ರೆ ಸಾಕು ಅಂತ ಮಗುವಿನ ಹಾಗೆ ಕೂತಿದ್ದಾರೆ. ಹೇಗಾದ್ರೂ ಮಾಡಿ.”

ಮಗುವಿನ ಹಾಗೆ ಕೂತಿದ್ದ ರೀಜನಲ್ ಮ್ಯಾನೇಜರು ಮನೆಯೊಳಗೇ ಕರೀ ಕನ್ನಡಕ ಹಾಕಿಕೊಂಡಿದ್ದರು. ಮುಂದಿನ ಮೇಜಿನ ಮೇಲೆ ಕಂಪ್ಯೂಟರು, ಅದರ ಮುಂದೆ ಆ ಕೋಲು. ದುಂಡನೆಯ ಪೀಠ, ನಡುವೆ ನೆಟ್ಟಗೆ ನಿಂತ ಕಪ್ಪು ಗುಂಡುತಲೆಯ ಹಿಡಿ, ಪೀಠದ ಆಚೆ ಬದಿಯಿಂದ ಹರಿದುಹೋದ ವೈರು. ಸಂಗಮ್ಮ ಕಂಡವಳೇ ಚಪ್ಪಲಿ ಬಿಟ್ಟಿದ್ದೇನೆಯೋ ಇಲ್ಲವೋ ಎಂದು ಕಾಲು ನೋಡಿಕೊಂಡು, ಸೆರಗು ಹೊದ್ದು ಕೈಮುಗಿದಳು.

“ಲಿಂಗ ಅಲ್ಲಮ್ಮ ಅದು, ವಿಮಾನದ್ದು” ಎಂದರು ಸಾಹೇಬರು.

“ವಿಮಾನ ಮಾತ್ರ ಯಾರದ್ರಿ, ಅವಂದೇ” ಎಂದಳು ಸಂಗಮ್ಮ.

ವಿಶ್ವನಾಥಪ್ಪ ಕಂಪ್ಯೂಟರಿನ ಹಿಂದಕ್ಕೆ ತೆವಳಿ, ವೈರಿನ ತುದಿಯನ್ನು ಅಲ್ಲಿದ್ದ ತೂತುಗಳಲ್ಲಿ ಒಂದೊಂದಾಗಿ ಹಾಕಿ ನೋಡಿದರು, ಗುಡಿಯ ಹೊರಗೆ ಜನ ಚಪ್ಪಲಿ ಮೆಟ್ಟಿ ಮೆಟ್ಟಿ ನೋಡುವಂತೆ. ಒಂದರಲ್ಲಿ ಅದು ಕಚ್ಚಿಕೊಂಡಿತು. ಇದುವರೆಗೆ ಸಾಹೇಬರ ವೈರು ಹತ್ತಿರದ ತೂತಿನ ಬಾಯಲ್ಲಿ ಸುಮ್ಮನೆ ಒರಗಿಕೊಂಡಿತ್ತಷ್ಟೇ. ಪರದೆಯ ಮೇಲೆ ‘ಕೋಲು ಸಿಕ್ಕಿತು’ ಎಂಬ ಅರ್ಥದ ಇಂಗ್ಲಿಷ್ ಬರಹ ಬಂದಾಗ ಸಾಹೇಬರು ಚಪ್ಪಾಳೆ ತಟ್ಟಿದರು. ವಿಶ್ವನಾಥಪ್ಪ ಮೈಮೇಲಿನ ಧೂಳು ಕೊಡವಿ, “ಸಿಸ್ಟಮ್” ಎಂದರು.

ಕತೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಪರದೆಯ ಮೇಲೆ ಇನ್ನೊಂದು ಬರಹ ಮೂಡಿತು. ಕೋಲು ಎಲ್ಲಿಯ ತನಕ ಬಾಗುತ್ತದೆ ಎಂದು ಯಂತ್ರಕ್ಕೆ ತಿಳಿಯಬೇಕಂತೆ. ಕೋಲನ್ನು ಅಂಚಿಗೆ ಒತ್ತಿ ಹಿಡಿದು ಪೂರ್ತಿ ಒಂದು ಸುತ್ತು ತಿರುಗಿಸಿ ಗುಂಡಿ ಒತ್ತಬೇಕಂತೆ.

“ಏನು ಬರ್ದಾದೋ?” ಎಂದು ಸಂಗಮ್ಮ ಕೇಳಿದಳು.

“ಪೂರ್ತಿ ಒಂದು ಸುತ್ತು ಹಾಕಬೇಕಂತ, ಅವ್ವಾ.”

“ಪೂರ್ತಿ?” ಸಂಗಮ್ಮ ಎದ್ದು ನಿಂತಳು. “ಪೀಠದಿಂದ ಧಾರಿ ಹೊರಗ ಹರ್ದು ಹೋಗ್ಯಾದ, ಕಣ್ಣು ಕಾಣಾಂಗಿಲ್ಲೇನು? ಶಿವನ ಗುಡಿಯಾಗ ಅಭಿಷೇಕದ ನೀರು ಹೋಗೋ ಜಾಗ ಯಾರರೇ ದಾಟ್ತಾರೇನು? ಅಲ್ಲಿತನಕ ಹೋಗಿ ಹೊಳ್ಳಿ ಬರಬೇಕು. ಅರ್ಧ ಪ್ರದಕ್ಷಿಣಿ. ನಿಮ್ಮಪ್ಪ ನಿನಗ ಇಷ್ಟೂ ಕಲಿಸಿಲ್ಲೇನು?”

“ಅವ್ವಾ, ಅದು ವೈರು.”

“ಧಾರಿ ಧಾರಿನೇ.”

ಒಂದು ಕಡೆ ವಿಲಾಯತಿ ಯಂತ್ರ, ಇನ್ನೊಂದು ಕಡೆ ಹೆತ್ತ ತಾಯಿ. ಯಂತ್ರ ಬೈಯುವುದಿಲ್ಲ ಎಂಬುದನ್ನು ವಿಶ್ವನಾಥಪ್ಪ ಲೆಕ್ಕಕ್ಕೆ ತೆಗೆದುಕೊಂಡರು. ಕೋಲನ್ನು ಎಡಗಡೆಯಿಂದ ತಮ್ಮ ಹೊಟ್ಟೆಯ ಕಡೆಗೆ, ಅಲ್ಲಿಂದ ಬಲಗಡೆಗೆ ಒಯ್ದು, ವೈರಿನ ಕಡೆ ಸುಳಿಯದೆ ಭಯಭಕ್ತಿಯಿಂದ ಬಂದ ದಾರಿಯಲ್ಲೇ ಹಿಂದಕ್ಕೆ ತಂದು ಗುಂಡಿ ಒತ್ತಿದರು.

“ಪೂರ್ತಿ ಸುತ್ತು ಅಂತ ಉಂಟಲ್ಲ?” ಎಂದರು ಸಾಹೇಬರು.

“ಅದು ಅವರ ದೇಶದ ಪದ್ಧತಿ ಸಾಹೇಬ್ರ. ನಮ್ಮ ವೋಲ್ಟೇಜಿಗೆ ಅರ್ಧ ಸಾಕಾಗ್ತದ.”

ಸಾಹೇಬರು ತಲೆದೂಗಿದರು. ಬ್ಯಾಂಕಿನಲ್ಲಿ ಇದಕ್ಕಿಂತ ದುರ್ಬಲ ಕಾರಣಗಳ ಮೇಲೆ ಅವರು ಸಹಿ ಹಾಕಿದ್ದುಂಟು.

ವಿಮಾನ ಓಡಿತು, ಎದ್ದಿತು, ಮತ್ತು ಮೂಗನ್ನು ನೆಲಕ್ಕೆ ಮಾಡಿ ಗದ್ದೆಯಲ್ಲಿ ಬಿತ್ತು. ಯಂತ್ರಕ್ಕೆ ವೈರಿನ ಕಡೆಯ ಮುಂದಿನ ಅಂಚೇ ಗೊತ್ತಿರಲಿಲ್ಲವಲ್ಲ, ಕೋಲು ನಡುವೆ ನಿಂತಿದ್ದರೂ ಪೂರ್ತಿ ಮುಂದಕ್ಕೆ ಒತ್ತಿದ್ದಾರೆ ಎಂದೇ ಅದು ತಿಳಿದಿತ್ತು. ಇದು ಈಗ ನಮಗೆ ಗೊತ್ತು. ಆಗ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

“ಬಂದ್ ಮಾಡಿ ಚಾಲೂ ಮಾಡೋಣ್ರಿ” ಎಂದರು ವಿಶ್ವನಾಥಪ್ಪ. ಮತ್ತೆ ಅರ್ಧ ಪ್ರದಕ್ಷಿಣೆ. ಈ ಸಲ ವಿಮಾನ ಕೆರೆಗೆ ಬಿತ್ತು. ಮತ್ತೆ ಚಾಲೂ. ಈ ಸಲ ಒಂದು ದೊಡ್ಡ ಕಟ್ಟಡಕ್ಕೆ.

ಬೀಳುವ ಸದ್ದು ಕೇಳಿ ಪಕ್ಕದ ಮನೆಯ ಮಧುಕರರಾವ್ ಓಡಿಬಂದರು. ವಾಯುಸೇನೆಯಲ್ಲಿ ಇದ್ದು ನಿವೃತ್ತರಾದವರು. ಅಲ್ಲಿ ಅವರು ಉಗ್ರಾಣದಲ್ಲಿ ಕಂಬಳಿ ಹಂಚುತ್ತಿದ್ದರು ಎಂಬುದು ಬೇರೆ ಮಾತು, ಮೀಸೆ ಮಾತ್ರ ಪೈಲಟ್ಟಿನದೇ ಆಗಿತ್ತು. ಅವರು ಸಾಹೇಬರ ಹಿಂದೆ ನಿಂತು “ನಾಕ್ ವರ್ ಘ್ಯಾ, ಸಾಹೇಬ್, ನಾಕ್ ವರ್” ಎಂದು ಮರಾಠಿಯಲ್ಲಿ ಆಜ್ಞೆ ಕೊಡತೊಡಗಿದರು. ಮೂಗು ಮೇಲೆತ್ತಿ ಎಂದರ್ಥ. ಸಾಹೇಬರು ಕೋಲನ್ನು ಹೊಟ್ಟೆಗೆ ಅವುಚಿಕೊಂಡು ಎಳೆದರು. ವಿಮಾನದ ಮೂಗು ಏಳುವ ಮೊದಲೇ ತಮ್ಮದೇ ಮೂಗು ಸೂರಿನ ಕಡೆ ಎದ್ದಿತು. ಇನ್ನೂ ಎಳೆದಾಗ ಕುರ್ಚಿ ಹಿಂದಕ್ಕೆ ವಾಲಿ, ರೀಜನಲ್ ಮ್ಯಾನೇಜರು ಮಧುಕರರಾಯರ ಮೇಲೆ, ಮಧುಕರರಾಯರು ದಿವಾನದ ಮೇಲೆ ಬಿದ್ದರು. ಮೃದುಲಾ ಅರಿಸಿನ ತರಲು ಒಳಗೆ ಓಡಿದರು.

“ನಾನು ಇದ್ದ ಕಾಲದಲ್ಲಿ ಹೀಗೆ ಆಗ್ತಿರಲಿಲ್ಲ” ಎಂದು ಮಧುಕರರಾಯರು ಬಿದ್ದಲ್ಲಿಂದಲೇ ಮರಾಠಿಯಲ್ಲಿ ಹೇಳಿದರು. ಕಂಬಳಿಯ ವಿಷಯದಲ್ಲಿ ಅದು ನಿಜವೇ ಇದ್ದೀತು.

ಎದ್ದು ಕೂತ ಸಾಹೇಬರು ಕರೀ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಮುಖ ಸಣ್ಣದಾಗಿತ್ತು.

“ಸಾಕು ವಿಶ್ವನಾಥಪ್ಪನವ್ರೇ. ನೀವು ನಿಮ್ಮ ಕೆಲಸ ಸರಿಯಾಗಿಯೇ ಮಾಡಿದ್ದೀರಿ, ಕೋಲು ನಡೀತಾ ಉಂಟು. ಆಗ ಕಣ್ಣು ಸರಿ ಇಲ್ಲ ಅಂದ್ರು. ಈಗ ಗೊತ್ತಾಯ್ತು, ಕೈಯೂ ಸರಿ ಇರಲಿಲ್ಲ. ಅವತ್ತು ತಗೊಳ್ಳದೆ ಇದ್ದದ್ದೇ ಒಳ್ಳೆದಾಯ್ತು.”

ವಿಶ್ವನಾಥಪ್ಪನಿಗೆ ಸಿಲ್ಲೋಡು, ನಾಸಿಕ ಎಲ್ಲ ಆ ಗಳಿಗೆಗೆ ಮರೆತುಹೋಯಿತು. ಒಬ್ಬ ಮನುಷ್ಯ ತನ್ನದಲ್ಲದ ತಪ್ಪನ್ನು ಹೊತ್ತು ಕೂತಿದ್ದಾನೆ, ಅದೂ ತಮ್ಮ ಅರ್ಧ ಸುತ್ತಿನಿಂದಲೇ ಇರಬೇಕು ಎಂದು ಈಗ ಹೊಳೆಯಿತು. ಅವರು ತಾಯಿಯ ಕಿವಿಯಲ್ಲಿ ಹೇಳಿದರು.

“ಅವ್ವಾ, ಪೂರ್ತಿ ಸುತ್ತದ ಹೊರ್ತು ಇದು ಹಾರಂಗ ಕಾಣವಲ್ದು. ಸಾಹೇಬ್ರು ಅಳ್ಲತ್ಯಾರ.”

“ದಾಟಬಾರ್ದು ಅಂತ ಹೇಳೀನಲ್ಲ.”

“ನೀ ಒಮ್ಮೆ ಅವರ ಮುಖ ನೋಡು.”

ಸಂಗಮ್ಮ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಅಂಗಳಕ್ಕೆ ಹೋದಳು. ಸಾಹೇಬರ ತೋಟದಲ್ಲಿ ಬಗ್ಗಿ ಏನನ್ನೋ ಕಿತ್ತು ತಂದಳು. ಒಂದು ಹುಲ್ಲುಕಡ್ಡಿ. ಅದನ್ನು ಕಣ್ಣಿಗೊತ್ತಿಕೊಂಡು ವೈರಿನ ಮೇಲೆ ಅಡ್ಡವಾಗಿ ಇಟ್ಟಳು.

“ಈಗ ದಾಟು. ಹುಲ್ಲಿಲೆ ಮುಚ್ಚಿದ್ರ ದಾಟಬಹುದು, ದೋಷ ಇಲ್ಲ. ನಮ್ಮೂರ ಅಯ್ನೋರು ಹೇಳ್ಯಾರ.”

“ಮತ್ತ ಇದನ್ನ ಮೊದಲೇ ಯಾಕ ಹೇಳ್ಲಿಲ್ಲ ಅವ್ವಾ?”

“ಒಬ್ಬರ ಜೀವಕ್ಕ ಬೇಕಾಗ್ಯಾದಂತ ಯಾರು ಹೇಳಿದ್ರು ನನಗ? ಆಟಕ್ಕಂತ ದಾಟ್ಲಿಕ್ಕ ಬರಾಂಗಿಲ್ಲ.”

ಮಧುಕರರಾಯರು, ಯಾಕೆಂದು ಅವರಿಗೇ ತಿಳಿಯದೆ, ಅಟೆನ್ಶನ್ನಿನಲ್ಲಿ ನಿಂತರು. ಮೃದುಲಾ ಅರಿಸಿನದ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತರು. ವಿಶ್ವನಾಥಪ್ಪ ಕೋಲನ್ನು ಎಡಕ್ಕೆ, ಹಿಂದಕ್ಕೆ, ಬಲಕ್ಕೆ, ಕೊನೆಗೆ ಹುಲ್ಲುಕಡ್ಡಿ ಹೊದ್ದ ವೈರಿನ ಕಡೆಗೂ ಒತ್ತಿ, ಪೂರ್ತಿ ಒಂದು ಸುತ್ತು ತಿರುಗಿಸಿ ಗುಂಡಿ ಒತ್ತಿದರು.

ವಿಮಾನ ಓಡಿತು, ಎದ್ದಿತು, ಮತ್ತು ಬೀಳಲಿಲ್ಲ. ಸಾಹೇಬರು ಕೋಲನ್ನು ಸಡಿಲ ಬಿಟ್ಟರೂ ಬೀಳಲಿಲ್ಲ. ಬಲಕ್ಕೆ ಬಾಗಿಸಿದರೆ ಬಲಕ್ಕೆ ಹೋಯಿತು. ಕೆಳಗೆ ಗದ್ದೆ ಸರಿಯಿತು, ಆ ಕೆರೆ ಸರಿಯಿತು, ಸ್ವಲ್ಪ ಹೊತ್ತಿನ ಹಿಂದೆ ಡಿಕ್ಕಿ ಹೊಡೆದ ಆ ದೊಡ್ಡ ಕಟ್ಟಡವೂ ಕೆಳಗಡೆ ಸರಿದುಹೋಯಿತು. ಸಾಹೇಬರು “ಮೃದುಲಾ” ಎಂದರು. ಆಕೆ ಬಂದು ಅವರ ಹೆಗಲ ಮೇಲೆ ಕೈಯಿಟ್ಟರು. ಇಬ್ಬರೂ ಮೋಡದ ಒಳಗೆ ಹೋಗಿ ಹೊರಗೆ ಬಂದರು.

“ಬರೋಬರ್. ಗವತ್ ಪಾಹಿಜೇ ಹೋತಂ” ಎಂದರು ಮಧುಕರರಾವ್, ಹುಲ್ಲೇ ಬೇಕಾಗಿತ್ತು ಎಂಬುದು ವಾಯುಸೇನೆಗೆ ಮೊದಲಿಂದ ತಿಳಿದಿದ್ದ ಗುಟ್ಟು ಎನ್ನುವಂತೆ. ಮುಂದೆ ಬಹಳ ಕಾಲ ಆ ಓಣಿಯಲ್ಲಿ ಟೀವಿ ಕೆಟ್ಟರೂ ಫೋನು ಸತ್ತರೂ ಜನ ಮೊದಲು ವೈರಿನ ಮೇಲೆ ಹುಲ್ಲಿಟ್ಟು ನೋಡುತ್ತಿದ್ದರು, ಆಮೇಲೆ ಮೆಕ್ಯಾನಿಕ್ಕನ್ನು ಕರೆಯುತ್ತಿದ್ದರು ಎಂದು ಕೇಳಿದ್ದೇವೆ.

ಊಟವಾದ ಮೇಲೆ ಸಾಹೇಬರು ಸಂಗಮ್ಮನನ್ನು ಕುರ್ಚಿಯ ಪಕ್ಕ ಕೂರಿಸಿಕೊಂಡರು. “ಅಮ್ಮ, ನಿಮ್ಮನ್ನು ಒಂದು ಸುತ್ತು ಹಾರಿಸಿಕೊಂಡು ಬರ್ತೇನೆ. ಎಲ್ಲಿಗೆ ಹೋಗುವ?”

“ಭಾಲ್ಕಿಗೆ ಹೋಗೋಣ್ರಿ.”

ಆ ಆಟದಲ್ಲಿ ಇದ್ದದ್ದು ಅಮೆರಿಕದ ಯಾವುದೋ ಪಟ್ಟಣ ಒಂದೇ. ಆದರೆ ಬ್ಯಾಂಕಿನಲ್ಲಿ ಇಪ್ಪತ್ತೈದು ವರ್ಷದಿಂದ ಸುಳ್ಳುಗಾರರನ್ನು ಹಿಡಿದು ಹಿಡಿದು ಸಾಕಾಗಿದ್ದ ರತ್ನಾಕರ ಸಾಹೇಬರು, ಕಣ್ಣು ಮಿಟುಕಿಸದೆ, “ಆಯ್ತಮ್ಮ, ಹಿಡ್ಕೊಂಡು ಕೂತ್ಕೊಳ್ಳಿ” ಎಂದು ವಿಮಾನ ಎಬ್ಬಿಸಿದರು.

“ನೋಡಿ ಅಮ್ಮ, ಇದೇ ನಿಮ್ಮ ಕೋಟೆ. ಇದು ಬಸ್ ಸ್ಟ್ಯಾಂಡು. ಇದು ನಿಮ್ಮ ಊರ ಕೆರೆ.”

“ನಮ್ಮ ಮನಿ?”

“ಆ ಎತ್ತರದ್ದು ಉಂಟಲ್ಲ, ಅದರ ಹಿಂದೆ.”

ಸಂಗಮ್ಮ ಸೆರಗಿನ ಚುಂಗನ್ನು ಹಿಡಿದುಕೊಂಡು ಮೂವತ್ತು ಮಾಳಿಗೆಯ ಆ ಕಟ್ಟಡವನ್ನು ನೋಡಿದಳು. “ನಮ್ಮೂರು ಭಾಳ ಸುಧಾರ್ಸ್ಯಾದ ಬಿಡ್ರಿ” ಎಂದಳು.

ಹೊರಡುವಾಗ ಸಾಹೇಬರು ಸಂಗಮ್ಮನ ಕಾಲಿಗೆ ನಮಸ್ಕಾರ ಮಾಡಿ, ವಿಶ್ವನಾಥಪ್ಪನ ಎರಡೂ ಕೈ ಹಿಡಿದುಕೊಂಡರು. “ಏನು ಬೇಕು ಕೇಳಿ. ಸಂಕೋಚ ಬೇಡ.”

ಕೇಳುವುದು ಇದ್ದದ್ದು ಒಂದೇ. ಆದರೆ ಅವ್ವ ಪಕ್ಕದಲ್ಲಿ ನಿಂತಿದ್ದಾಳೆ. ಸಿಲ್ಲೋಡಿನ ಹೆಸರು ತೆಗೆದರೆ ಇಷ್ಟು ದಿನ ಮುಚ್ಚಿಟ್ಟದ್ದು ಬಯಲಾಗುತ್ತದೆ. “ಏನೂ ಬ್ಯಾಡ್ರಿ ಸಾಹೇಬ್ರ” ಎಂದಿತು ಬಾಯಿ. ಎದೆ ಒಳಗೇ ಆ ಬಾಯಿಗೆ ಹಿಡಿಶಾಪ ಹಾಕಿತು.

ಗೇಟು ದಾಟಿ ನಾಲ್ಕು ಹೆಜ್ಜೆ ಹೋದಾಗ ಸಾಹೇಬರು ಹಿಂದಿನಿಂದ ಕೂಗಿದರು. “ಅಂದ ಹಾಗೆ, ನಿಮ್ಮನ್ನು ಸಿಲ್ಲೋಡಿಗೆ ಹಾಕಿದ್ದೆ. ಅದು ಬೇಡ. ಆ ಬ್ರಾಂಚಿಗೆ ಕಂಪ್ಯೂಟರೇ ಬರ್ಲಿಲ್ಲ ಮಾರಾಯ್ರೇ, ನಿಮ್ಮಂಥ ತಜ್ಞರನ್ನು ಅಲ್ಲಿ ಕೂರಿಸಿ ಏನು ಮಾಡುದು? ನಾಸಿಕದಲ್ಲೇ ಇರಿ.”

ವಿಶ್ವನಾಥಪ್ಪ ಬೀದಿಯಲ್ಲೇ ನಿಂತು, ಸಾಹೇಬರಿಗೂ ಆ ಕಪ್ಪು ಕೋಲಿಗೂ, ನೆನಪಿಗೆ ಬಂದ ಎಲ್ಲ ದೇವರಿಗೂ ಕೈಮುಗಿದರು. ಹಲ್ಲುನೋವಿಗೂ ಮುಗಿದರು, ಅದೊಂದು ಇಲ್ಲದಿದ್ದರೆ ಸ್ವಲ್ಪ ಕಂಪ್ಯೂಟರ್ ಕಲಿತು ಪೂರಾ ಕೆಡಿಸಿಬಿಡುತ್ತಿದ್ದರೋ ಏನೋ.

ನಾಸಿಕದ ಬಸ್ಸಿನಲ್ಲಿ ಸಂಗಮ್ಮನಿಗೆ ಕಿಟಕಿಯ ಸೀಟು ಸಿಕ್ಕಿತು.

“ಅವ್ವಾ, ಸಿಲ್ಲೋಡಿಂದು ನಿನಗ ಹೇಳಿದ್ದಿಲ್ಲ” ಎಂದರು ವಿಶ್ವನಾಥಪ್ಪ.

“ನನಗ ಗೊತ್ತಿತ್ತು. ಕಸ್ತೂರಿ ಆಣಿ ಹಾಕಿದ ದಿನಾನೇ ಹೇಳ್ಯಾಳ. ಬರ್ಲಿಕ್ಕ ತಯಾರೂ ಇದ್ದೆ. ಶಿವ ಅಲ್ಲಿ ಇರಾಂಗಿಲ್ಲೇನು?”

“ಮತ್ತ ಯಾಕ ಸುಮ್ನಿದ್ದಿ?”

“ನೀ ನನಗೋಸ್ಕರ ಅಷ್ಟು ಬಡ್ಕೊಳ್ಳತ್ತಿದ್ದಿ. ಬ್ಯಾಡ ಅನ್ಲಿಕ್ಕ ಮನಸ್ಸು ಬರ್ಲಿಲ್ಲ.” ಮತ್ತೆ ಹೇಳಿದಳು: “ಅದು ಭಾಲ್ಕಿ ಅಲ್ಲಂತನೂ ನನಗ ಗೊತ್ತಿತ್ತು. ಅರವತ್ತು ವರ್ಷ ಇದ್ದ ಊರು ಗುರ್ತು ಸಿಗಾಂಗಿಲ್ಲೇನು? ಆದ್ರ ಆ ಮನ್ಷ್ಯಾ ಎಷ್ಟು ಪ್ರೀತಿಲೆ ತೋರ್ಸ್ಲತ್ತಿದ್ದ. ಪ್ರೀತಿಲೆ ಹೇಳಿದ್ದಕ್ಕ ಹ್ಞೂಂ ಅನ್ಬೇಕು, ವಿಶ್ವಾ.”

ವಿಶ್ವನಾಥಪ್ಪನಿಗೆ ಏನೋ ಒಂದು ಅನುಮಾನ ಮೆಲ್ಲಗೆ ಮೇಲೆ ಬಂತು.

“ಅವ್ವಾ, ಖರೇ ಹೇಳು. ನನಗ ಕಂಪ್ಯೂಟರ್ ಬರ್ತದಂತ ನಿನಗ ನಂಬಿಕಿ ಅದನೋ ಇಲ್ಲೋ?”

ಸಂಗಮ್ಮ ಮಗನ ಬೆನ್ನ ಮೇಲೆ ಕೈಯಾಡಿಸಿದಳು.

“ಹ್ಞೂಂ” ಎಂದಳು. “ಬರ್ತದ.”